ಯಶವಂತ ಸಾಳುಂಕೆಯ ಕೊನೆಯ ಬಡಿತಗಳು

ಲಯದರ್ಶಿ ನೋಡಲು ಊಟದ ತಟ್ಟೆಯಂತಿತ್ತು. ಡಾ. ವಿಭಾ ಕನಮಡಿ ಅದನ್ನು ಸಾವನಿಯ ಎಡ ಭುಜದ ಕೆಳಗೆ, ಅಂಗಿಯ ಮೇಲೆಯೇ ಇಟ್ಟು ಪಟ್ಟಿಯಿಂದ ಕಟ್ಟಿದರು. ನೋವಿಲ್ಲ, ಸದ್ದಿಲ್ಲ. ಎದುರಿನ ಪರದೆಯ ಮೇಲೆ ಹಸಿರು ಗೆರೆಯೊಂದು ಓಡತೊಡಗಿತು. ಅದು ಆ ಹತ್ತೊಂಬತ್ತರ ಹುಡುಗಿಯ ಹೃದಯ ಆಗ ಬಡಿಯುತ್ತಿದ್ದ ರೀತಿ. ಅದರ ಕೆಳಗೆ ಹಳದಿ ಗೆರೆಯೊಂದು ತಡೆದು ತಡೆದು ಮೂಡಿತು. ಅದು ಹಳೆಯದು; ಕಳೆದ ನಾಲ್ಕು ವರ್ಷಗಳಲ್ಲಿ ಅವಳ ಎದೆಯೊಳಗಿನ ಡಬ್ಬಿ ತನ್ನ ನೆನಪಿನಲ್ಲಿ ಕೂಡಿಟ್ಟುಕೊಂಡಿದ್ದ ದಾಖಲೆ.

ಡಬ್ಬಿ ಎನ್ನುವುದು ಜನರ ಮಾತು. ವೈದ್ಯರ ಭಾಷೆಯಲ್ಲಿ ಅದು ಡಿಫಿಬ್ರಿಲೇಟರ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಲೋಹದ ಸಾಧನವನ್ನು ಚರ್ಮದ ಅಡಿಯಲ್ಲಿ ಹುದುಗಿಸಿ, ಅದರ ತಂತಿಯನ್ನು ರಕ್ತನಾಳದ ಮೂಲಕ ಹೃದಯದೊಳಕ್ಕೆ ಇಳಿಬಿಡುತ್ತಾರೆ. ಹೃದಯ ಲಯ ತಪ್ಪಿ ವಿಪರೀತ ವೇಗದಲ್ಲಿ ಬಡಿಯತೊಡಗಿದರೆ ಡಬ್ಬಿ ಆ ಬಡಿತಗಳನ್ನು ಎಣಿಸುತ್ತದೆ. ಮಿತಿ ಮೀರಿತೆಂದು ಕಂಡಾಗ ವಿದ್ಯುತ್ತಿನ ಹೊಡೆತ ಕೊಟ್ಟು ಲಯವನ್ನು ದಾರಿಗೆ ತರುತ್ತದೆ. ಹೊಡೆತದ ಹಿಂದಿನ ಮುಂದಿನ ಬಡಿತಗಳನ್ನು ಬರೆದಿಟ್ಟುಕೊಳ್ಳುತ್ತದೆ. ಲಕ್ಷಾಂತರ ಜನರನ್ನು ಅದು ಸಾವಿನ ಬಾಯಿಂದ ಎಳೆದು ತಂದಿತ್ತು. ಆದರೆ ಬಡಿತ ಎಷ್ಟು ಜೋರಾಗಿದೆ ಎಂಬುದು ಅದಕ್ಕೆ ತಿಳಿದಷ್ಟು ಚೆನ್ನಾಗಿ, ಯಾಕೆ ಜೋರಾಗಿದೆ ಎಂಬುದು ತಿಳಿಯುತ್ತಿರಲಿಲ್ಲ. ಹೃದಯದ ಮೇಲಿನ ಕೋಣೆಗಳು ಗಡಿಬಿಡಿ ಮಾಡಿದರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ. ಕೆಳಗಿನ ಕೋಣೆಗಳು ಮಾಡಿದರೆ ನಿಮಿಷಗಳಲ್ಲಿ ಸಾವು. ಡಬ್ಬಿ ಕೆಲವೊಮ್ಮೆ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಿತ್ತು.

ವಿಭಾ ಓದಿದ್ದು ಸಂಕೇತ ವಿಜ್ಞಾನ, ವೈದ್ಯಶಾಸ್ತ್ರವಲ್ಲ. ತರಂಗಗಳ ಆಕಾರದಿಂದ ಅವುಗಳ ಮೂಲ ಹುಡುಕುವುದು ಅವರ ವಿಷಯ. ಬಾಣಲೆಯ ಸದ್ದು ಕೇಳಿಯೇ ಒಳಗೆ ಏನು ಕರಿಯುತ್ತಿದ್ದಾರೆಂದು ಹೇಳುವ ಹಾಗೆ, ಪ್ರತಿ ಬಡಿತದ ಗೆರೆ ನೋಡಿ ಅದು ಹೃದಯದ ಯಾವ ಗೋಡೆಯಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಹರಿಯಿತು, ದೇಹದಲ್ಲಿ ಆಗ ಭಯವಿತ್ತೋ ದಣಿವಿತ್ತೋ ಎಂದು ಲಯದರ್ಶಿ ಹೇಳುತ್ತಿತ್ತು. ಬೇರೆ ಬೇರೆ ಎದೆಗಳಲ್ಲಿ ದಾಖಲಾದ ಕೋಟ್ಯಂತರ ಬಡಿತಗಳ ಜೊತೆ ಹೋಲಿಸಿ ನೋಡುವುದು ಅದರ ವಿಧಾನ. ಜಿಲ್ಲಾ ಆಸ್ಪತ್ರೆಗಳಿಗೆ ಅದು ಬಂದು ಎರಡು ವರ್ಷವಾಗಿತ್ತು. ಪದೇ ಪದೇ ಹೊಡೆತ ತಿಂದು ಮನೆ ಸೇರಿದ್ದ ಸಿಂದಗಿಯ ಲಾರಿ ಚಾಲಕರೊಬ್ಬರ ಕಾಯಿಲೆ ಮೇಲಿನ ಕೋಣೆಯದೆಂದು ಅದು ತೋರಿಸಿಕೊಟ್ಟಿತ್ತು. ಈಗ ಅವರು ಮತ್ತೆ ಲಾರಿ ಹತ್ತಿದ್ದರು.

ಸಾವನಿಯದು ಅಷ್ಟು ಸುಲಭದ್ದಾಗಿರಲಿಲ್ಲ. ಅವಳು ಸೈಕಲ್ ಪಟು. ಹದಿನೈದನೆಯ ವಯಸ್ಸಿನಲ್ಲಿ ಟ್ರ್ಯಾಕಿನ ಮೇಲೆ ಪ್ರಜ್ಞೆ ತಪ್ಪಿ ಬಿದ್ದಳು. ಅವಳ ತಂದೆ ಯಶವಂತ ಸಾಳುಂಕೆಯೂ ಸೈಕಲ್ ಪಟುವೇ. ಅವನೂ ಒಮ್ಮೆ ಹಾಗೆಯೇ ಬಿದ್ದು, ಡಬ್ಬಿ ಹಾಕಿಸಿಕೊಂಡು, ಎರಡು ವರ್ಷದಲ್ಲಿ ತೀರಿಕೊಂಡಿದ್ದ. ಮಲಗಿಸಿ ತೆಗೆದ ಇಸಿಜಿಯಲ್ಲಿ ತಂದೆಯಲ್ಲೂ ಮಗಳಲ್ಲೂ ಏನೂ ದೋಷ ಕಾಣಲಿಲ್ಲ. ವಂಶವಾಹಿಗಳ ಪರೀಕ್ಷೆಯೂ ಏನನ್ನೂ ಹೇಳಲಿಲ್ಲ. ಕಾರಣ ಗೊತ್ತಿಲ್ಲದಿದ್ದರೂ ಪ್ರಾಣ ಕಾಯಬೇಕಲ್ಲ ಎಂದು ಹೃದಯ ತಜ್ಞೆ ಡಾ. ಫರ್ಹಾನಾ ಇನಾಮದಾರ ಮಗಳ ಎದೆಗೂ ಡಬ್ಬಿ ಹಾಕಿದರು. ಕಳೆದ ಬೇಸಿಗೆಯಲ್ಲಿ ಅದು ಎರಡು ಸಲ ಬೆನ್ನುಬೆನ್ನಿಗೆ ಹೊಡೆಯಿತು. ಅಂದಿನಿಂದ ಸಾವನಿ ಸೈಕಲ್ ಮುಟ್ಟಿರಲಿಲ್ಲ. ಮೆಟ್ಟಿಲು ಹತ್ತಲೂ ಹೆದರುತ್ತಿದ್ದಳು.

ಪರದೆಯ ಮೇಲೆ ಅಕ್ಷರಗಳು ಬಂದವು. ವಿಭಾ ಅವನ್ನು ಎರಡು ಸಲ ಓದಿ ಪಕ್ಕಕ್ಕೆ ಸರಿದು ನಿಂತರು. ಫರ್ಹಾನಾ ಮುಂದೆ ಬಂದು ನೋಡಿದರು.

"ಅಡ್ರಿನಲಿನ್," ಎಂದರು ಫರ್ಹಾನಾ ಮೆಲ್ಲಗೆ.

"ಹಂಗಂದ್ರೇನ್ರಿ ಮೇಡಂ?" ಸಾವನಿ ಕೇಳಿದಳು.

"ಹೆದರಿಕಿ ಆದಾಗ, ಜೋರಾಗಿ ಓಡಿದಾಗ, ಭಾಳ ಖುಷಿ ಆದಾಗ ಮೈಯಾಗ ಒಂದು ರಸ ಉಕ್ಕತೈತಿ. ಎಲ್ಲಾರಿಗೂ ಉಕ್ಕತೈತಿ. ನಿನ್ನ ಹೃದಯಕ್ಕ ಅದನ್ನ ತಾಳ್ಕೊಳ್ಳೂ ಶಕ್ತಿ ಕಡಿಮಿ. ಅದು ಉಕ್ಕಿದ್ರ ಹೃದಯದ ಕಣದಾಗ ಇರೂ ಕ್ಯಾಲ್ಸಿಯಂ ಸೋರತೈತಿ, ಬಡಿತ ಸಿಕ್ಕು ಹಾಕ್ಕೋತೈತಿ. ಸುಮ್ನ ಮಲಗಿದಾಗ ಎಲ್ಲಾ ಸರಿ ಇರತೈತಿ. ಅದಕ್ಕ ನಮಗ ಸಿಕ್ಕಿಲ್ಲ."

ಪರದೆಯಲ್ಲಿ ಇನ್ನೂ ಒಂದು ಸಾಲಿತ್ತು. ಬೇಸಿಗೆಯ ಮೊದಲ ಹೊಡೆತದ ಹೊತ್ತಿಗೆ ಸಾವನಿಯ ಹೃದಯದಲ್ಲಿದ್ದದ್ದು ಮೇಲಿನ ಕೋಣೆಯ ಗಡಿಬಿಡಿ ಮಾತ್ರ, ಆ ಹೊಡೆತ ಬೇಕಾಗಿರಲಿಲ್ಲ ಎಂದು ಲಯದರ್ಶಿ ಹೇಳುತ್ತಿತ್ತು. ಪ್ರಾಣಕ್ಕೆ ಎರವಾಗಬಹುದಾಗಿದ್ದ ಲಯ ಶುರುವಾದದ್ದು ಹೊಡೆತದ ನಂತರ. ಫರ್ಹಾನಾ ಆ ಸಾಲನ್ನು ಬೆರಳಿನಿಂದ ವಿಭಾಗೆ ತೋರಿಸಿದರು. ವಿಭಾ ಹುಡುಗಿಯ ತಾಯಿಯ ಕಡೆ ತಿರುಗಿದರು.

"ಶೈಲಾಬಾಯಿ, ನಿಮ್ಮ ಯಜಮಾನರ ಡಬ್ಬಿ ಏನಾತು? ದಹನ ಮಾಡೂ ಮುಂದ ತೆಗೆದಿರಬೇಕಲ್ಲ. ಬ್ಯಾಟರಿ ಸಿಡೀತೈತಿ ಅಂತ ತೆಗೀತಾರ."

"ಮನ್ಯಾಗ ಐತ್ರಿ ಮೇಡಮ್ಮರ," ಎಂದರು ಶೈಲಾ. "ದೇವರ ಮಾಡದಾಗ ಇಟ್ಟೀನಿ."

ಕಡೆಯ ಗಳಿಗೆಯವರೆಗೂ ಗಂಡನ ಪ್ರಾಣಕ್ಕಾಗಿ ಬಡಿದಾಡಿದ ವಸ್ತು ಅದು ಎಂದು ಶೈಲಾ ನಂಬಿದ್ದರು. ಆಸ್ಪತ್ರೆಯವರು ಹೇಳಿದ್ದೂ ಹಾಗೆಯೇ. ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದ ಅದಕ್ಕೆ ಪ್ರತಿ ವರ್ಷ ದಸರೆಯ ಖಂಡೇಪೂಜೆಯ ದಿನ ಯಶವಂತನ ಸೈಕಲ್ಲಿನ ಜೊತೆಗೆ ಅರಿಸಿನ ಕುಂಕುಮ ಏರಿಸುತ್ತಿದ್ದರು.

ಮರುದಿನ ಅವರು ಅದನ್ನು ತಂದರು. ಬ್ಯಾಟರಿ ಎಂದೋ ಸತ್ತುಹೋಗಿತ್ತು. ವಿಭಾ ಡಬ್ಬಿಯ ಹೊದಿಕೆ ಬಿಡಿಸಿ, ಹೊರಗಿನಿಂದ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ, ಅದರ ನೆನಪಿನ ಭಾಗವನ್ನು ಎಚ್ಚರಗೊಳಿಸಿದರು. ಇಡೀ ಬೆಳಗಿನ ಹೊತ್ತು ಅದಕ್ಕೇ ಹಿಡಿಯಿತು. ಮಧ್ಯಾಹ್ನ ಫರ್ಹಾನಾ ಬಂದಾಗ ವಿಭಾ ಕೈ ಕಟ್ಟಿಕೊಂಡು ಕಿಟಕಿಯ ಬಳಿ ನಿಂತಿದ್ದರು.

"ನೋಡಿದ್ರೇನು?"

"ನೋಡಿದೆ. ನೀವೂ ನೋಡ್ರಿ."

ಫರ್ಹಾನಾ ನೋಡಿದರು. ಕುರ್ಚಿ ಎಳೆದುಕೊಂಡು ಕುಳಿತು ಮೊದಲಿನಿಂದ ಮತ್ತೊಮ್ಮೆ ನೋಡಿದರು. ಮೂವತ್ತು ವರ್ಷ ಅವರು ಇಂಥ ಡಬ್ಬಿಗಳನ್ನು ಜನರ ಎದೆಯಲ್ಲಿ ಹುದುಗಿಸಿದ್ದರು.

"ಹೆಂಗ ಹೇಳೂದು ಅವರಿಗೆ?" ಎಂದರು.

"ಮಗಳಿಗೆ ಅದ ಡಬ್ಬಿ ಹಾಕೇವಿ. ಹೇಳದ ಬಿಡಾಕ ಆಗಂಗಿಲ್ಲ."

"ಆ ಹುಡುಗಿ ಮುಂದ ಬ್ಯಾಡ. ತಾಯಿಗೆ ಅಷ್ಟ ಹೇಳೂಣ."

ಆದರೆ ಸಾವನಿ ಹೊರಗೆ ಕೂರಲು ಒಪ್ಪಲಿಲ್ಲ. "ಅದು ನಮ್ಮ ಅಪ್ಪಂದು," ಎಂದಳು. "ನನ್ನ ಎದ್ಯಾಗ ಇರೂದೂ ಅದ. ನಾ ನೋಡತೀನಿ." ಫರ್ಹಾನಾ ಬಹಳ ಹೊತ್ತು ವಾದಿಸಿ ಕೊನೆಗೆ ಒಂದು ಷರತ್ತು ಹಾಕಿದರು. ಲಯದರ್ಶಿಯನ್ನು ಕಟ್ಟಿಕೊಂಡೇ ಅವಳು ಮಂಚದ ಮೇಲೆ ಕೂರಬೇಕು. ತುರ್ತು ಔಷಧ ತುಂಬಿದ ಸಿರಿಂಜನ್ನು ತಟ್ಟೆಯಲ್ಲಿಟ್ಟು, ಅವಳ ಕೈಯ ರಕ್ತನಾಳಕ್ಕೆ ಸೂಜಿ ಸೇರಿಸಿದರು. ಹೊರಗಿನಿಂದ ಆಘಾತ ಕೊಡುವ ಯಂತ್ರವನ್ನು ಮಂಚದ ಪಕ್ಕ ತಂದಿರಿಸಿದರು. ಮೇಜಿನ ಮೇಲೆ ಬಳೆಯಷ್ಟು ಗಾತ್ರದ ಒಂದು ಅಯಸ್ಕಾಂತವನ್ನೂ ಇಟ್ಟರು.

"ಇದ್ಯಾಕ್ರಿ?" ಶೈಲಾ ಕೇಳಿದರು.

"ಇದನ್ನ ಡಬ್ಬಿ ಮ್ಯಾಲ ಇಟ್ಟರ ಅದು ಹೊಡಿಯೂದು ನಿಲ್ಲಸ್ತೈತಿ. ತೆಗೆದ ಮ್ಯಾಲ ಮತ್ತ ಕೆಲಸ ಶುರು ಮಾಡತೈತಿ. ಸುಮ್ನ ಇರಲಿ ಅಂತ ಇಟ್ಟೀನಿ."

ವಿಭಾ ಪರದೆಯನ್ನು ಹೊತ್ತಿಸಿದರು. ಯಶವಂತನ ಹೃದಯ ಹಳದಿ ಗೆರೆಯಾಗಿ ಮೂಡಿತು.

"ಆ ದಿನ ಏನಾತು, ನಿಮಗ ನೆನಪಿದ್ದಷ್ಟು ಹೇಳ್ರಿ," ಎಂದು ವಿಭಾ ಶೈಲಾರನ್ನು ಕೇಳಿದರು.

ಶೈಲಾ ಹೇಳಿದರು. ಗೋಳಗುಮ್ಮಟದ ಸುತ್ತಿನ ರಸ್ತೆಯಲ್ಲಿ ಮಕ್ಕಳ ಸೈಕಲ್ ಓಟವಿತ್ತು. ಎಂಟು ವರ್ಷದ ಸಾವನಿ ತನಗಿಂತ ದೊಡ್ಡ ಹುಡುಗರನ್ನೆಲ್ಲ ಹಿಂದೆ ಹಾಕಿ ಮೊದಲು ಬಂದಳು. ಯಶವಂತ ಕೊನೆಯ ತಿರುವಿನಿಂದ ಅವಳ ಪಕ್ಕದಲ್ಲೇ ಓಡುತ್ತಾ ಬಂದ. ಓಡಬೇಡ ಎಂದು ಡಾಕ್ಟರು ಹೇಳಿದ್ದು ಆಗ ಯಾರಿಗೂ ನೆನಪಾಗಲಿಲ್ಲ. ಅವಳನ್ನು ಸೈಕಲ್ ಸಮೇತ ಎತ್ತಿಕೊಂಡು ಕುಣಿದ. ಆಮೇಲೆ ಒಮ್ಮೆಲೇ ಯಾರೋ ಎದೆಗೆ ಒದ್ದಂತೆ ಹಿಂದಕ್ಕೆ ಜೋಲಿ ಹೊಡೆದ.

"ನನಗೂ ಝುಂ ಅಂತು," ಎಂದಳು ಸಾವನಿ. "ಅಪ್ಪ ನನ್ನ ಹಿಡಿದಿದ್ದ. ನನ್ನ ಕೈಗೂ ಅದು ಬಡೀತು."

"ಅವನ್ನ ಕೂಡಿಸಿ ನೀರು ಕುಡಿಸಿದಿವ್ರಿ," ಎಂದರು ಶೈಲಾ. " ಮತ್ತ ಬರ್ತೈತಿ, ಮತ್ತ ಬರ್ತೈತಿ ಅಂತ ಹೆದರಿ ನನ್ನ ಕೈ ಹಿಡ್ಕೊಂಡ. ಬಂತು. ಆಮ್ಯಾಲ ಒಂದರ ಬೆನ್ನಿಗೆ ಒಂದು ಬರಾಕತ್ತವು. ನಾ ಚೀರಾಕತ್ತೆ. ಜನ ಎಲ್ಲಾ ಸುತ್ತ ಮುಕುರಿಬಿಟ್ರು. ಆಸ್ಪತ್ರಿ ಮುಟ್ಟೂದ್ರಾಗ ಹೋಗಿಬಿಟ್ಟಿದ್ದ. ಡಬ್ಬಿ ಏನೂ ಕಡಿಮಿ ಮಾಡಿಲ್ಲ, ಕಡೀತನಕ ಹೊಡದೈತಿ, ಹೃದಯ ಅದರ ಮಾತು ಕೇಳಲಿಲ್ಲ ಅಂತ ಹೇಳಿದ್ರು."

ವಿಭಾ ಪರದೆಯ ಹತ್ತಿರ ಹೋದರು. ಹಳದಿ ಗೆರೆಯ ಒಂದು ಭಾಗದ ಮೇಲೆ ಬೆರಳಿಟ್ಟರು. ಕಿರಿದಾದ, ಒಂದೇ ಅಚ್ಚಿನ ಮೊನೆಗಳು ಸಮವಲ್ಲದ ಅಂತರದಲ್ಲಿ ಒತ್ತೊತ್ತಾಗಿ ನಿಂತಿದ್ದವು.

"ಇದು ಮೊದಲನೇ ಹೊಡೆತದ ಮುಂಚಿಂದು, ಶೈಲಾಬಾಯಿ. ಅವರು ಮಗಳನ್ನ ಎತ್ಕೊಂಡು ಕುಣಿಯೂ ಹೊತ್ತು. ಬಡಿತ ಜೋರ ಐತಿ, ಖರೆ. ಇದು ಮ್ಯಾಲಿನ ಕೋಣಿ ಬಡಿತ. ಇದರಿಂದ ಅವರು ಸಾಯ್ತಿದ್ದಿಲ್ಲ. ಸ್ವಲ್ಪ ಹೊತ್ತು ಕುಂತಿದ್ರ ತಾನ ಇಳೀತಿತ್ತು."

ಶೈಲಾಗೆ ಅರ್ಥವಾಗಲಿಲ್ಲ. "ಮತ್ತ ಯಾಕ ಹೊಡೀತ್ರಿ?"

"ಡಬ್ಬಿಗೆ ಗುರುತು ಸಿಗಲಿಲ್ಲ. ಸಾಯೂ ಲಯ ಅಂತ ತಿಳಕೊಂಡು ಹೊಡೀತು." ವಿಭಾ ಬೆರಳನ್ನು ಮುಂದೆ ಸರಿಸಿದರು. ಗೆರೆ ಅಲ್ಲಿ ಗೋಡೆಯಂತೆ ನೆಟ್ಟಗೆ ಎದ್ದಿತ್ತು. ಅದು ಹೊಡೆತದ ಗುರುತು. ಅದಾದ ಮೇಲಿನ ಮೊನೆಗಳು ಅಗಲವಾಗಿ, ಒಂದು ಮೇಲಕ್ಕೆ ಒಂದು ಕೆಳಕ್ಕೆ, ಇಬ್ಬರು ಗರಗಸ ಎಳೆಯುವಂತೆ ತಿರುತಿರುಗಿ ಬಂದಿದ್ದವು. "ಆ ನೋವಿಗೆ, ಆ ಅಂಜಿಕಿಗೆ ಅಡ್ರಿನಲಿನ್ ಉಕ್ಕೇತಿ. ಅವರಿಗೂ ಸಾವನಿಗೆ ಇದ್ದ ಕಾಯಿಲೇನ ಇತ್ತು. ಆವಾಗ ಖರೇ ಕೆಟ್ಟ ಲಯ ಶುರು ಆತು. ಇಂಥ ಲಯ ಹೊಡೆತಕ್ಕ ನಿಲ್ಲಂಗಿಲ್ಲ. ಅದು ಮತ್ತ ಹೊಡೀತು. ಮತ್ತ ಹೆದರಿದ್ರು. ಮತ್ತ ಹೊಡೀತು."

ಶೈಲಾ ಪರದೆಯನ್ನು ನೋಡುತ್ತಲೇ ಇದ್ದರು. ಸೆರಗಿನ ತುದಿ ಅವರ ಮುಷ್ಟಿಯೊಳಗಿತ್ತು.

"ಅಂದ್ರ ಅದ ಕೊಂದಿತೇನ್ರಿ ಅವನ್ನ?"

ಫರ್ಹಾನಾ ಉತ್ತರಿಸಿದರು. "ಹೌದು, ಶೈಲಾಬಾಯಿ."

"ನಾ ಅದಕ್ಕ ಕುಂಕುಮ ಹಚ್ಚೀನ್ರಿ," ಎಂದರು ಶೈಲಾ. ದನಿ ಏರಲಿಲ್ಲ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. "ನಾ ಅಷ್ಟು ಚೀರದಿದ್ರ ಉಳೀತಿದ್ನೇನು?"

"ನನಗ ಗೊತ್ತಿಲ್ಲ. ಅದನ್ನ ಯಾವ ಯಂತ್ರಾನೂ ಹೇಳಂಗಿಲ್ಲ," ಎಂದರು ವಿಭಾ.

ಆಗ ಸಾವನಿಯ ದನಿ ಕೇಳಿಸಿತು. ಅವಳು ಪರದೆಯ ಮೇಲೆ ಹೊಡೆತದ ಗೋಡೆ ಎದ್ದಿದ್ದ ಜಾಗವನ್ನಲ್ಲ, ಅದರ ಹಿಂದಿನ ಕಿರಿದಾದ ಮೊನೆಗಳನ್ನೇ ನೋಡುತ್ತಿದ್ದಳು.

"ನಾ ಗೆದ್ದೆ ಅಂತ ಅಪ್ಪನ ಎದಿ ಹಂಗ ಬಡದೈತಿ," ಎಂದಳು. "ನಾ ಗೆಲ್ಲದಿದ್ರ..."

ಮಾತು ಮುಗಿಯಲಿಲ್ಲ. ಹಸಿರು ಗೆರೆಯ ಮೊನೆಗಳು ಒಮ್ಮೆಲೇ ಒತ್ತೊತ್ತಾದವು. ಅವಳ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಲಯದರ್ಶಿ ಮೆಲುವಾಗಿ ಗುಣುಗುಟ್ಟಿತು. ಪರದೆಯ ಮೂಲೆಯಲ್ಲಿ ಎರಡು ಸಾಲು ಮೂಡಿದವು. ಡಬ್ಬಿ ಎಣಿಸತೊಡಗಿದೆ ಎಂದು ಒಂದು. ಇದು ಮೇಲಿನ ಕೋಣೆಯ ಲಯ, ಹೊಡೆತ ಬೇಡ ಎಂದು ಇನ್ನೊಂದು.

"ಆಯಿ, ಬರ್ತೈತಿ," ಎಂದು ಸಾವನಿ ತಾಯಿಯನ್ನು ಕರೆದಳು. ಅವಳ ಕಣ್ಣುಗಳು ಅಗಲವಾಗಿದ್ದವು. "ಅದು ಬರ್ತೈತಿ."

"ಅಯಸ್ಕಾಂತ ಇಡ್ರಿ," ವಿಭಾ ಹೇಳಿದರು.

ಫರ್ಹಾನಾ ಅದನ್ನು ಕೈಗೆ ತೆಗೆದುಕೊಂಡರು. ಆದರೆ ಕೈ ಅಲ್ಲೇ ನಿಂತಿತು. ಅಷ್ಟು ವರ್ಷ ಅವರು ಕಲಿತದ್ದೆಲ್ಲ ಎದುರು ನಿಂತಿತ್ತು. ಹೃದಯ ಈ ವೇಗದಲ್ಲಿ ಓಡುವಾಗ ರೋಗಿಗಿರುವ ಒಂದೇ ಕಾವಲನ್ನು ತಾವೇ ನಿಲ್ಲಿಸುವುದು ಹೇಗೆ? "ನಿಮ್ಮ ಯಂತ್ರ ತಪ್ಪಿದ್ರ?" ಎಂದರು. "ವಿಭಾ, ತಪ್ಪಿದ್ರ ಈ ಹುಡುಗಿ ನಮ್ಮ ಕಣ್ಣ ಮುಂದ..."

"ತಪ್ಪಬಹುದು," ಎಂದರು ವಿಭಾ. "ಆದ್ರ ಅಪ್ಪನ ಗೆರಿ ನೋಡ್ರಿ, ಇಕಿ ಗೆರಿ ನೋಡ್ರಿ. ಎರಡೂ ಒಂದ."

ಎಣಿಕೆ ಮುಗಿಯಿತು. ಡಬ್ಬಿ ಹೊಡೆತಕ್ಕಾಗಿ ವಿದ್ಯುತ್ ತುಂಬಿಕೊಳ್ಳುತ್ತಿದೆ ಎಂದು ಪರದೆ ತೋರಿಸಿತು. ಇನ್ನು ಕೆಲವೇ ಸೆಕೆಂಡು.

ಶೈಲಾ ಎದ್ದು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಫರ್ಹಾನಾರ ಬೆರಳುಗಳಿಂದ ಆ ಅಯಸ್ಕಾಂತದ ಬಳೆಯನ್ನು ಬಿಡಿಸಿಕೊಂಡು, ಲಯದರ್ಶಿಯ ಅಂಚನ್ನು ಸರಿಸಿ, ಮಗಳ ಎದೆಯ ಮೇಲೆ ಡಬ್ಬಿ ಉಬ್ಬಿದ್ದ ಜಾಗದಲ್ಲಿ ಅದನ್ನು ಅಂಗೈಯಿಂದ ಒತ್ತಿ ಹಿಡಿದರು. ಇನ್ನೊಂದು ಕೈಯಿಂದ ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಆನಿಸಿಕೊಂಡರು.

ಮೂವರೂ ಪರದೆ ನೋಡಿದರು. ಡಬ್ಬಿ ಸುಮ್ಮನಾಗಿತ್ತು.

"ಬರಂಗಿಲ್ಲ," ಎಂದರು ಶೈಲಾ. "ನಾ ಹಿಡದೀನಿ. ಅದು ಬರಂಗಿಲ್ಲ."

ಆದರೆ ಗೆರೆ ಇಳಿಯಲಿಲ್ಲ. ಕಿರಿದಾದ ಮೊನೆಗಳ ನಡುವೆ ಒಂದು ಅಗಲವಾದ ಮೊನೆ ಬಂತು. ಆಮೇಲೆ ಕೆಳಮುಖವಾದ ಇನ್ನೊಂದು. ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ಫರ್ಹಾನಾ ಸಿರಿಂಜನ್ನು ಕೈಯ ಸೂಜಿಗೆ ಜೋಡಿಸಿ ಔಷಧವನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟರು. ಅಡ್ರಿನಲಿನ್ನಿನ ಬಾಗಿಲು ಮುಚ್ಚುವ ಔಷಧ ಅದು. ಹಿಡಿತಕ್ಕೆ ಬರಲು ಒಂದಿಷ್ಟು ಹೊತ್ತು ಬೇಕು. ಅವರ ಇನ್ನೊಂದು ಕೈ ಪಕ್ಕದ ಆಘಾತ ಯಂತ್ರದ ಮೇಲಿತ್ತು.

ಶೈಲಾ ಮಾತಾಡುತ್ತಲೇ ಇದ್ದರು. ಮನೆಯಲ್ಲಿ ಕೂತು ಸೊಪ್ಪು ಸೋಸುವಾಗ ಆಡುವಂಥ, ಅವಸರವಿಲ್ಲದ ಮಾತು. "ಮನಿಗೆ ಹೋಗಿ ಜುಣಕ ಮಾಡ್ತೀನಿ. ಹಿಟ್ಟು ನಿನ್ನೆನ ಬೀಸ್ಕೊಂಡು ಬಂದೀನಿ. ನಿನಗ ತೆಳ್ಳನ್ನ ರೊಟ್ಟಿ ಬೇಕು, ಅಲ್ಲ? ಹಾಸ್ಟೆಲಿನ್ಯಾಗ ದಪ್ಪ ಮಾಡ್ತಾರ ಅಂತಿದ್ದಿ. ಉಸರು ತಗೋ. ಬಿಡು. ಅಪ್ಪಗೂ ತೆಳ್ಳಂದ ಬೇಕಾಗಿತ್ತು. ಅಂವ ನಿನ್ನ ಎತ್ಕೊಂಡು ಎಷ್ಟು ನಕ್ಕ ಗೊತ್ತೇನು? ಅಂವ ಅಷ್ಟು ನಕ್ಕಿದ್ದು ನಾ ಎಂದೂ ನೋಡಿದ್ದಿಲ್ಲ. ಅದು ನಿನ್ನ ತಪ್ಪಲ್ಲ. ಉಸರು ಬಿಡು."

ಅಗಲವಾದ ಮೊನೆಗಳ ನಡುವೆ ಅಂತರ ಹೆಚ್ಚಿತು. ಒಂದೆರಡು ಸಲ ಗೆರೆ ತಡವರಿಸಿತು. ಆಮೇಲೆ ಕಿರಿದಾದ ಮೊನೆಗಳು ಒಂದೊಂದಾಗಿ, ಬಿಡಿಬಿಡಿಯಾಗಿ ಬರತೊಡಗಿದವು. ಸಾವನಿ ತಾಯಿಯ ಸೀರೆಯಲ್ಲಿ ಮುಖವಿಟ್ಟು ಅಳುತ್ತಿದ್ದಳು. ಶೈಲಾ ಆಗಲೂ ಅಂಗೈ ತೆಗೆಯಲಿಲ್ಲ. ಫರ್ಹಾನಾ ಡಬ್ಬಿಯ ಹೊಡೆತವನ್ನು ಅದಕ್ಕೆ ಆದೇಶ ಕಳಿಸುವ ಯಂತ್ರದಿಂದಲೇ ನಿಲ್ಲಿಸಿ, ಇನ್ನು ತೆಗೆಯಬಹುದು ಎಂದು ಹೇಳಿದಾಗ, ಶೈಲಾರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಫರ್ಹಾನಾ ಹೊರಗೆ ಬಂದು ಮೊಗಸಾಲೆಯ ಗೋಡೆಗೆ ಒರಗಿದರು. ತಾವು ಅಯಸ್ಕಾಂತ ಹಿಡಿದು ನಿಂತ ಆ ಕ್ಷಣವನ್ನು ಮುಂದೆ ಎಷ್ಟೋ ದಿನ ಅವರಿಂದ ಮರೆಯಲಾಗಲಿಲ್ಲ.

ಸಾವನಿಗೆ ಆ ತಿಂಗಳೇ ಶಸ್ತ್ರಕ್ರಿಯೆಯಾಯಿತು. ಅಡ್ರಿನಲಿನ್ನಿನ ಸಂದೇಶವನ್ನು ಹೃದಯಕ್ಕೆ ಒಯ್ಯುವ ನರದ ಒಂದು ಭಾಗವನ್ನು ಕತ್ತರಿಸಿದರು. ದಿನಕ್ಕೆರಡು ಮಾತ್ರೆ. ಡಬ್ಬಿಯನ್ನು ತೆಗೆಯಲಿಲ್ಲ, ಮೊದಲಿಗಿಂತ ಬಹಳ ಹೊತ್ತು ಕಾದು, ಬೇರೆ ದಾರಿಯೇ ಇಲ್ಲವೆಂದಾಗ ಮಾತ್ರ ಹೊಡೆಯುವಂತೆ ಅದನ್ನು ತಿದ್ದಿದರು. ಸೈಕಲ್ ಸ್ಪರ್ಧೆಗೆ ಅವಳು ಮರಳಲಿಲ್ಲ. ಮಾತ್ರೆಗಳು ವೇಗ ಕಡಿಮೆ ಮಾಡುತ್ತಿದ್ದವು. ಮೊದಮೊದಲು ಅದಕ್ಕೆ ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಚಿಕ್ಕ ಮಕ್ಕಳಿಗೆ ಸೈಕಲ್ ಕಲಿಸಲು ಹೋಗತೊಡಗಿದಳು.

ಆ ನಡುವೆ ವಿಭಾ ಹಳೆಯ ಕಡತಗಳನ್ನು ಹುಡುಕಿದರು. ಯಶವಂತ ಸತ್ತ ದಿನವೇ ಅವನ ಡಬ್ಬಿ ತನ್ನ ದಾಖಲೆಯನ್ನು ನಿಸ್ತಂತು ಮಾರ್ಗದಲ್ಲಿ ಅವನ ಆಸ್ಪತ್ರೆಗೆ ಕಳಿಸಿತ್ತು. ಅಲ್ಲಿ ಯಾರೋ ಅದನ್ನು ತೆರೆದಿದ್ದರು. ಹೊಡೆತಗಳು ಸರಿಯಾದ ಪ್ರಮಾಣದಲ್ಲಿ ಹೋಗಿವೆ, ಸಾಧನದಲ್ಲಿ ದೋಷವಿಲ್ಲ ಎಂದು ಬರೆದು ಮುಚ್ಚಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೊದಲ ಹೊಡೆತದ ಹಿಂದೆ ಏನಿತ್ತು ಎಂಬುದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಸುದ್ದಿ ಹಬ್ಬಿತು. ತೀರಿಕೊಂಡವರ ಡಬ್ಬಿಗಳನ್ನು ಇಟ್ಟುಕೊಂಡಿದ್ದ ಮನೆಗಳು ಎಷ್ಟಿವೆಯೆಂದು ಅದುವರೆಗೆ ಯಾರಿಗೂ ಅಂದಾಜಿರಲಿಲ್ಲ. ಒಬ್ಬರು ಭರಣಿಯಲ್ಲಿ, ಒಬ್ಬರು ಆಭರಣದ ಪೆಟ್ಟಿಗೆಯಲ್ಲಿ ತಂದರು. ಹೆಚ್ಚಿನವುಗಳಲ್ಲಿ ಡಬ್ಬಿ ನಿಜವಾಗಿಯೂ ಹೋರಾಡಿತ್ತು. ಎಷ್ಟೋ ಸಲ ಬದುಕಿಸಿ, ಕೊನೆಗೊಮ್ಮೆ ಸೋತಿತ್ತು. ಅದನ್ನು ಕೇಳಿದ ಮನೆಯವರು ಅತ್ತು ಹಗುರಾಗಿ ಹೋದರು. ಕೆಲವುಗಳಲ್ಲಿ ಹಾಗಿರಲಿಲ್ಲ. ಓದಿಸಬೇಕೋ ಬೇಡವೋ ಎಂದು ಬಾಗಿಲವರೆಗೆ ಬಂದು ತಿರುಗಿ ಹೋದವರೂ ಇದ್ದರು.

ಇಂಡಿಯಿಂದ ಬಂದ ಮೌನೇಶ ಪತ್ತಾರರು ಹಾಗೆ ಬಾಗಿಲ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ಎಂಬತ್ತು ದಾಟಿದ ಅಕ್ಕಸಾಲಿಗರು. ಹೆಂಡತಿ ದ್ರಾಕ್ಷಾಯಣಿ ಸತ್ತು ಕಾಲು ಶತಮಾನವಾಗಿತ್ತು. ಆಕೆಯ ಡಬ್ಬಿ ಕರವಸ್ತ್ರದ ಗಂಟಿನಲ್ಲಿತ್ತು. ಇತ್ತೀಚೆಗೆ ಮೊಮ್ಮಗಳು ತಲೆ ತಿರುಗಿ ಬಿದ್ದಿದ್ದಳು. ಮಗ ಒತ್ತಾಯ ಮಾಡಿ ಕಳಿಸಿದ್ದ. ಮಗಳನ್ನು ತಪಾಸಣೆಗೆ ಕರೆತಂದಿದ್ದ ಶೈಲಾ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿದ್ದರು.

"ನೀವೂ ಓದಿಸೀರೇನವ್ವಾ?" ಮುದುಕರು ಕೇಳಿದರು.

"ಓದಿಸೀನ್ರಿ ಕಾಕಾ."

"ಚಲೋ ಆತೇನು?"

"ಇಲ್ರಿ," ಎಂದರು ಶೈಲಾ. "ಅವತ್ತಿಂದ ಸರಿಯಾಗಿ ನಿದ್ದಿ ಇಲ್ಲ. ಓದಿಸದಿದ್ರ ನಾ ಆರಾಮ ಇರ್ತಿದ್ದೆ. ಅಲ್ಲಿ ನಿಂತಾಳಲ್ರಿ ನನ್ನ ಮಗಳು, ಅಕಿ ಇರ್ತಿರ್ಲಿಲ್ಲ."

ಪತ್ತಾರರು ಆ ಹುಡುಗಿಯನ್ನು ನೋಡಿದರು. ಎದ್ದು ಒಳಗೆ ಹೋಗಿ ಗಂಟನ್ನು ವಿಭಾರ ಮೇಜಿನ ಮೇಲಿಟ್ಟು, ಮತ್ತೆ ಬಂದು ಕುಳಿತರು.

ಅದನ್ನು ಎಚ್ಚರಗೊಳಿಸಲು ಮಧ್ಯಾಹ್ನವೆಲ್ಲ ಬೇಕಾಯಿತು. ಗೆರೆ ಮೂಡಿದಾಗ ಲಯದರ್ಶಿ ತನ್ನ ತೀರ್ಪು ಹೇಳುವ ಮೊದಲೇ ಫರ್ಹಾನಾ ಬಾಯಿಗೆ ಕೈ ಅಡ್ಡ ಹಿಡಿದರು. ದ್ರಾಕ್ಷಾಯಣಿಯ ಹೃದಯದ ಮೊನೆಗಳು ನಡುನಡುವೆ ಶಾಂತವಾಗಿ, ಸರಿಯಾದ ಅಂತರದಲ್ಲಿ ಕಾಣುತ್ತಿದ್ದವು. ಅವುಗಳ ಮೇಲೆಲ್ಲ ಯಾವ ಹೃದಯದಿಂದಲೂ ಹುಟ್ಟಲಾರದಂಥ ಚೂಪು ಗೀರುಗಳು ಮುತ್ತಿದ್ದವು. ಡಬ್ಬಿಯ ತಂತಿ ಒಳಗೆ ಮುರಿದಿತ್ತು. ಆ ಮುರಿದ ಜಾಗದ ಗದ್ದಲವನ್ನೇ ಡಬ್ಬಿ ಬಡಿತವೆಂದು ಎಣಿಸಿತ್ತು. ಮೂರು ವಾರಗಳ ಕಾಲ ಆರೋಗ್ಯವಂತ ಲಯದ ಮೇಲೆ ಅದು ಆಗಾಗ ಹೊಡೆದಿತ್ತು. ಕೊನೆಯದೊಂದು ಹೊಡೆತ ಬೀಳಬಾರದ ಗಳಿಗೆಯಲ್ಲಿ ಬಿದ್ದು, ಇಲ್ಲದ ಸಾವಿನ ಲಯವನ್ನು ಹುಟ್ಟಿಸಿತ್ತು. ಪ್ರತಿ ಸಲವೂ ದಾಖಲೆ ಆಸ್ಪತ್ರೆಗೆ ಹೋಗಿತ್ತು.

ವಂಶದಲ್ಲಿ ಹರಿಯುವ ಕಾಯಿಲೆಯ ಗುರುತು ಅದರಲ್ಲಿ ಎಲ್ಲೂ ಇರಲಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಬಂದಿರಬಹುದೆಂಬ ಅಂಜಿಕೆಗೆ ಕಾರಣವಿರಲಿಲ್ಲ. ಆ ಒಂದು ಮಾತನ್ನು ಹೇಳುವುದು ಸುಲಭವಿತ್ತು.

"ಇದನ್ನ ಓದಾಕ ಲಯದರ್ಶಿ ಯಾಕ ಬೇಕಾಗಿತ್ತು?" ಎಂದರು ಫರ್ಹಾನಾ. "ಆವಾಗ ಎರಡನೇ ವರ್ಷದ ವಿದ್ಯಾರ್ಥಿ ನೋಡಿದ್ರೂ ಗೊತ್ತಾಗ್ತಿತ್ತು."

"ನೋಡಬೇಕಾಗಿತ್ತು, ಅಷ್ಟ," ಎಂದರು ವಿಭಾ.

ಗೆರೆಯ ಮೂಲೆಯಲ್ಲಿ ದಿನಾಂಕವಿತ್ತು. ಎರಡು ಸಾವಿರದ ಇಪ್ಪತ್ತರ ದಶಕದ್ದು. ವಿಭಾ ಆಗ ಇನ್ನೂ ಕಾಲೇಜಿನಲ್ಲಿದ್ದರು. ಆ ವರ್ಷಗಳಲ್ಲೂ ಡಬ್ಬಿಗಳು ಈಗಿನಂತೆಯೇ ಎದೆಯೊಳಗೆ ಕುಳಿತು ಎಲ್ಲವನ್ನೂ ಬರೆದಿಡುತ್ತಿದ್ದವು, ಬರೆದದ್ದನ್ನು ಕಳಿಸುತ್ತಿದ್ದವು. ಕಂಪ್ಯೂಟರುಗಳು ಅದನ್ನು ತೆಗೆದುಕೊಂಡು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದವು. ಗೆರೆಯನ್ನು ಹೊಡೆತದ ಹಿಂದಿನವರೆಗೆ ಸರಿಸಿ ಕೆಲವು ನಿಮಿಷ ಕೂತು ನೋಡುವ ಮನುಷ್ಯರು ಮಾತ್ರ ಬೇಕಾಗಿತ್ತು. ಮನುಷ್ಯರಿಗೆ ಆಗ ತುಂಬ ಕೆಲಸವಿತ್ತು.

ಬಾಗಿಲು ಸ್ವಲ್ಪ ತೆರೆಯಿತು. ಪತ್ತಾರರು ಒಳಗೆ ಬರದೆ, ಚೌಕಟ್ಟನ್ನು ಹಿಡಿದು ನಿಂತಿದ್ದರು.

"ಕುದುರಿ ಒದ್ದಂಗ ಆಗ್ತೈತಿ ಅಂತಿದ್ಲ್ರಿ ಅಕಿ," ಎಂದರು. "ಅದು ನಿನ್ನ ಕಾಯಾಕತ್ತೈತಿ, ತಾಳ್ಕೋ ಅಂತ ನಾನ ಹೇಳ್ತಿದ್ದೆ. ಖರೇ ಕಾಯಾಕತ್ತಿತ್ತಲ್ರಿ?"

ವಿಭಾ ಎದ್ದು ಹೋಗಿ, ಅವರನ್ನು ಕೈ ಹಿಡಿದು ಒಳಗೆ ಕರೆತಂದು, ಪರದೆ ಕಾಣುವಂತೆ ಕುರ್ಚಿಯಲ್ಲಿ ಕೂಡಿಸಿದರು.